ಕತ್ತರಿಯಿಂದ ಕಂಬಳಿಯವರೆಗೆ: ಊರಲ್ಲೊಂದು ಉಣ್ಣೆ ಹಬ್ಬ ನಡೆಸುವ ಬಗೆ

ಅಮೀನಗಡದ ಸಂತೆಗೋ ಕೆರೂರಿನ ಸಂತೆಗೋ ಹೋಗಿ ಒಂದು ತಾಸು ನಿಂತು ನೋಡಿ. ಕೊಳ್ಳುವವರು ಟಗರಿನ ಬೆನ್ನು ಒತ್ತುತ್ತಾರೆ, ಹಲ್ಲು ನೋಡುತ್ತಾರೆ, ತೊಡೆ ಹಿಡಿದು ತೂಕ ಅಂದಾಜು ಮಾಡುತ್ತಾರೆ. ಮೈಮೇಲಿನ ಉಣ್ಣೆಯನ್ನು ಬಿಡಿಸಿ ನೋಡುವವರು ಒಬ್ಬರೂ ಸಿಗುವುದಿಲ್ಲ. ಅದೇ ಕುರಿಯ ಉಣ್ಣೆಯನ್ನು ಕತ್ತರಿಸಿದಾಗ ಬರುವ ಹಣ ಕತ್ತರಿಸಿದವನ ಕೂಲಿಗೂ ಸಾಲದೆ, ಎಷ್ಟೋ ಹಟ್ಟಿಗಳವರು ಅದನ್ನು ಹೊಲದ ಬದುವಿನಲ್ಲೇ ಬಿಟ್ಟು ಮುಂದಿನ ಊರಿಗೆ ಹೋಗುತ್ತಾರೆ. ಮಳೆಗೆ ತೊಯ್ದು ಮಣ್ಣಾಗುತ್ತಿರುವ ಕರಿ ಉಣ್ಣೆಯ ಗುಡ್ಡೆಯನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ನಮ್ಮೂರಿನಲ್ಲಿ ಕೆಲವು ವರ್ಷಗಳಿಂದ ಒಂದು ದಿನದ ಉಣ್ಣೆ ಹಬ್ಬ ನಡೆಸುತ್ತಿದ್ದೇವೆ. ಬೆಳಗಾವಿ, ವಿಜಯಪುರದ ಕಡೆಯವರೂ ಆಗಾಗ ಕೇಳುತ್ತಿರುತ್ತಾರೆ, ಅದಕ್ಕಾಗಿ ಇದನ್ನು ಬರೆದಿಡುತ್ತಿದ್ದೇನೆ. ಟಗರಿನ ಪ್ರದರ್ಶನಗಳು ನಮ್ಮ ಭಾಗಕ್ಕೆ ಹೊಸದಲ್ಲ. ಇದು ಬೇರೆ. ಇಲ್ಲಿ ಪಟ್ಟಕ್ಕೆ ಕೂರಬೇಕಾದದ್ದು ಉಣ್ಣೆ, ಅದನ್ನು ಕತ್ತರಿಸುವ, ನೂಲುವ, ನೇಯುವ ಕೈಗಳು. ಉಳಿದ ತೀರ್ಮಾನಗಳನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಮಾಡಿ.

ದಿನ ಗೊತ್ತು ಮಾಡುವುದು

ಹಬ್ಬದ ದಿನವನ್ನು ಕತ್ತರಿ ನಿರ್ಧರಿಸಬೇಕು. ಮುಖ್ಯ ಅತಿಥಿಗಳ ಬಿಡುವಿಗೆ ಹೊಂದಿಸಿ ದಿನ ಇಟ್ಟರೆ ಕುರಿಗಳ ಮೈಮೇಲೆ ಬೆರಳುದ್ದದ ಉಣ್ಣೆಯೂ ಇರುವುದಿಲ್ಲ. ಉಣ್ಣೆ ಕುರಿಗಳಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ನಿಮ್ಮ ಸುತ್ತಿನ ಹಟ್ಟಿಗಳಲ್ಲಿ ಯಾವಾಗ ಎಂದು ಹಿರಿಯರನ್ನು ಕೇಳಿ, ಆ ವಾರಕ್ಕೆ ಹಬ್ಬ ಇಡಿ.

ನಾವು ಶಿವರಾತ್ರಿ ಮತ್ತು ಯುಗಾದಿಯ ನಡುವಿನ ಒಂದು ಭಾನುವಾರವನ್ನು ಆರಿಸಿಕೊಂಡಿದ್ದೇವೆ. ಆಗ ಬಿಳಿಜೋಳದ ರಾಶಿ ಮುಗಿದಿರುತ್ತದೆ, ಕೊಯ್ದ ಹೊಲಗಳಲ್ಲಿ ಕುರಿ ತರುಬಿಸಲು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ನಿಲ್ಲಿಸಲು, ಹಿಂಡುಗಳು ಊರ ಸುತ್ತಲೇ ಇರುತ್ತವೆ, ತೊಳೆದ ಉಣ್ಣೆ ಒಂದೇ ದಿನದಲ್ಲಿ ಒಣಗುತ್ತದೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ನಡೆದು ಜನರ ಕೈಯೂ ಬಿಡುವಾಗಿರುತ್ತದೆ. ದೀಪಾವಳಿಯ ಸುತ್ತ ಮಾತ್ರ ಬೇಡ. ಆ ಅಮಾವಾಸ್ಯೆಗೆ ಹಾಲುಮತದ, ಅಂದರೆ ಕುರುಬರ, ಮನೆಗಳವರು ಪಲ್ಲಕ್ಕಿಗಳೊಂದಿಗೆ ಹುಲಜಂತಿಯ ಮಾಳಿಂಗರಾಯ ದೇವರ ಕಡೆಗೆ ಹೊರಟಿರುತ್ತಾರೆ. ಮಳೆಗಾಲ ಬೇಡವೇ ಬೇಡ. ಒದ್ದೆ ಉಣ್ಣೆ ಕತ್ತರಿಗೆ ಸಿಗುವುದಿಲ್ಲ, ಮೇಲಾಗಿ ನೊರಜುಗಳು ಹರಡುವ ನೀಲಿ ನಾಲಿಗೆ ರೋಗದ ಕಾಲ ಅದು.

ಮೊದಲು ಹುಡುಕಬೇಕಾದವರು

ಕುರಿ ಸಿಗುತ್ತವೆ. ಕತ್ತರಿಸುವವರೂ ಸಿಗುತ್ತಾರೆ. ನೂಲುವವರು ಸಿಗುವುದು ಕಷ್ಟ. ಆದ್ದರಿಂದ ಮೂರು ತಿಂಗಳು ಮೊದಲೇ ಅವರನ್ನು ಹುಡುಕಲು ಹೊರಡಿ. ಕುರುಬರ ಓಣಿಯಲ್ಲಿ ಅಟ್ಟದ ಮೇಲೆ ರಾಟಿ ಇಟ್ಟಿರುವ ಮನೆ ಯಾವುದು ಎಂದು ಕೇಳಿ. ಅರವತ್ತು ದಾಟಿದ ಹೆಣ್ಣುಮಕ್ಕಳು ಮೊದಲು “ಈಗ ಯಾರು ನೂಲುತ್ತಾರೆ” ಎಂದು ನಕ್ಕು ಬಿಡುತ್ತಾರೆ. ಎರಡನೆಯ ಸಲ ಹೋದಾಗ ರಾಟಿಯ ಧೂಳು ಒರೆಸಿಟ್ಟಿರುತ್ತಾರೆ. ರಾಟಿಯ ದಾರ ಹೊಸದಾಗಿ ಹಾಕಿಸುವುದು, ನೂಲು ಸುತ್ತಿಕೊಳ್ಳುವ ಕದಿರು ಸೊಟ್ಟಾಗಿದ್ದರೆ ಅದನ್ನು ಬಡಿಗನ ಹತ್ತಿರ ಅಥವಾ ಕಮ್ಮಾರನ ಹತ್ತಿರ ನೆಟ್ಟಗೆ ಮಾಡಿಸುವುದು ನಿಮ್ಮ ಖರ್ಚು. ನಾಲ್ಕು ರಾಟಿಗಳಾದರೂ ತಿರುಗದಿದ್ದರೆ ಹಬ್ಬವನ್ನು ಮುಂದಿನ ವರ್ಷಕ್ಕೆ ಹಾಕಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆಮೇಲೆ ನೇಕಾರ. ಇಳಕಲ್ಲಿನ ಸೀರೆಗೆ, ಗುಳೇದಗುಡ್ಡದ ಖಣಕ್ಕೆ ಹೆಸರಾದ ಈ ಜಿಲ್ಲೆಯಲ್ಲಿ ಮಗ್ಗಕ್ಕೆ ಬರವಿಲ್ಲ. ಆದರೆ ಕಂಬಳಿ ಮಗ್ಗವೇ ಬೇರೆ, ಅದರ ನೂಲಿನ ಸ್ವಭಾವವೇ ಬೇರೆ. ರೇಷ್ಮೆ, ಹತ್ತಿ ನೇಯುವವರನ್ನು ಕರೆತಂದು ಕೂರಿಸಿದರೆ ಅವರಿಗೂ ಹಿಂಸೆ, ನೂಲಿಗೂ ಹಿಂಸೆ.

ಬಂದವರೆಲ್ಲರಿಗೂ ದಿನದ ಕೂಲಿ ಕೊಡಬೇಕು, ಬೆಳಿಗ್ಗೆಯೇ ಕೊಡಬೇಕು. ಶಾಲು ಹೊದಿಸಿ, ಹಾರ ಹಾಕಿ, ಬರಿಗೈಯಲ್ಲಿ ಕಳಿಸುವ ಸನ್ಮಾನವನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ಕಂಬಳಿ ನೇಯುವವನಿಗೆ ಯಂತ್ರದ ಅಕ್ರಿಲಿಕ್ ಶಾಲು ಹೊದಿಸುವುದನ್ನು ಒಂದು ಸಮಾರಂಭದಲ್ಲಿ ಕಣ್ಣಾರೆ ಕಂಡಿದ್ದೇನೆ. ಆತ ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದ.

ಜಾಗ, ಪರವಾನಗಿ

ಗ್ರಾಮ ಪಂಚಾಯಿತಿಯ ಒಪ್ಪಿಗೆ, ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ, ತಾತ್ಕಾಲಿಕ ವಿದ್ಯುತ್ತಿಗೆ ಹೆಸ್ಕಾಂ ಅರ್ಜಿ, ಇಷ್ಟನ್ನು ತಿಂಗಳ ಮೊದಲೇ ಮುಗಿಸಿ. ಬಯಲಿನಲ್ಲಿ ಬೇವಿನ ಮರಗಳಿದ್ದರೆ ಪೆಂಡಾಲಿನ ಅರ್ಧ ಖರ್ಚು ಉಳಿಯಿತು. ನೆಲ ಗಟ್ಟಿಯಾಗಿರಲಿ, ಉತ್ತ ಹೊಲ ಬೇಡ. ಕುರಿಗಳ ಹಂದರಕ್ಕೂ ರಾಟಿಗಳ ಚಪ್ಪರಕ್ಕೂ ನಡುವೆ ಅಂತರವಿರಲಿ, ಗಾಳಿ ರಾಟಿಯ ಕಡೆಯಿಂದ ಕುರಿಯ ಕಡೆಗೆ ಬೀಸುವಂತಿರಲಿ. ಇಲ್ಲದಿದ್ದರೆ ಧೂಳೆಲ್ಲ ಪಿಂಜಿದ ಉಣ್ಣೆಗೆ ಅಂಟುತ್ತದೆ.

ಕುರಿಗಳ ಆರೋಗ್ಯ

ಬೇರೆ ಬೇರೆ ಹಟ್ಟಿಗಳ ಕುರಿಗಳು ಒಂದೇ ಕಡೆ ಸೇರಿದರೆ ರೋಗವೂ ಸೇರುತ್ತದೆ. ಪಿಪಿಆರ್ ಎನ್ನುವ ಕುರಿ-ಮೇಕೆ ರೋಗ ಬಹಳ ಬೇಗ ಹರಡುವಂಥದ್ದು. 2030ರೊಳಗೆ ಅದನ್ನು ಜಗತ್ತಿನಿಂದಲೇ ಇಲ್ಲವಾಗಿಸುವ ಗುರಿ ಇಟ್ಟುಕೊಂಡು ಲಸಿಕೆ ಹಾಕಲಾಗುತ್ತಿದೆ. ಹಬ್ಬಕ್ಕೆ ಬರುವ ಹಿಂಡುಗಳಿಗೆ ಕನಿಷ್ಠ ಮೂರು ವಾರ ಮೊದಲು ಲಸಿಕೆ ಆಗಿರಲಿ, ಪಶು ಆಸ್ಪತ್ರೆಯ ಚೀಟಿ ತೋರಿಸಿದವರ ಕುರಿಗಳನ್ನಷ್ಟೇ ಒಳಗೆ ಬಿಡಿ. ಮೂಗು ಸೋರುವ, ಕುಂಟುವ ಕುರಿಯನ್ನು ಬಾಗಿಲಲ್ಲೇ ನಿಲ್ಲಿಸಲು ಒಬ್ಬ ಪಶುವೈದ್ಯರು ಬೆಳಿಗ್ಗೆ ಆರಕ್ಕೇ ಬಂದು ನಿಲ್ಲಬೇಕು. ನೆಂಟರ ಕುರಿ, ನಾಯಕರ ಕುರಿ ಎಂದು ಇಲ್ಲಿ ಸಡಿಲ ಬಿಡಬೇಡಿ.

ಇನ್ನೊಂದು ಎಚ್ಚರ. ಟಗರು ಮೈತುಂಬಿ ಕಾಣಲಿ ಎಂದು ಹಿಂದಿನ ರಾತ್ರಿ ಹೊಟ್ಟೆ ಬಿರಿಯ ಮೆಕ್ಕೆಜೋಳ ತಿನ್ನಿಸುವವರಿದ್ದಾರೆ. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಕರುಳುಬೇನೆಯ ರೋಗಾಣು ವಿಷ ಕಾರುತ್ತದೆ, ಚೆನ್ನಾಗಿದ್ದ ಕುರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಇದನ್ನು ಪ್ರಚಾರದ ಕರಪತ್ರದಲ್ಲಿಯೇ ಅಚ್ಚು ಹಾಕಿಸಿ. ಬಿಸಿಲೇರುವ ಮುಂಚೆ ಕುರಿಗಳ ಕೆಲಸ ಮುಗಿಯಬೇಕು. ಏಳಕ್ಕೆ ಆರಂಭಿಸಿ ಹನ್ನೊಂದಕ್ಕೆ ನಿಲ್ಲಿಸಿ, ಹಂದರದಲ್ಲಿ ನೀರಿನ ದೋಣಿ ಖಾಲಿಯಾಗದಂತೆ ನೋಡಿಕೊಳ್ಳಲು ಇಬ್ಬರು ಹುಡುಗರನ್ನು ಇಡಿ.

ತೊಳೆಯುವುದು, ಕತ್ತರಿ ಹಾಕುವುದು

ಹಬ್ಬಕ್ಕೆ ಎರಡು ದಿನ ಮೊದಲು ಕುರಿಗಳ ಮೈ ತೊಳೆಸಬೇಕು. ಹಳ್ಳ, ಕಾಲುವೆ, ತೊಟ್ಟಿ ಯಾವುದಾದರೂ ಸರಿ. ನೀರು ಕುರಿಯ ಎದೆ ದಾಟಬಾರದು. ಸಾಬೂನು, ಡಿಟರ್ಜೆಂಟ್ ಬೇಡ. ಉಣ್ಣೆಯಲ್ಲಿರುವ ಸಹಜ ಜಿಡ್ಡು ಪೂರ್ತಿ ಹೋದರೆ ನೂಲುವಾಗ ಎಳೆ ಒರಟಾಗಿ ಹರಿಯುತ್ತದೆ, ಕಂಬಳಿಯೂ ಮಳೆನೀರನ್ನು ತಡೆಯುವುದಿಲ್ಲ. ತೊಳೆದ ಕುರಿಗಳನ್ನು ಧೂಳಿನ ದೊಡ್ಡಿಯಲ್ಲಿ ಕೂಡಬೇಡಿ, ಹುಲ್ಲಿನ ಮೇಲೆ ಇಳಿಸಿ.

ಹಿಂಡುಗಳು ಬೆರೆಯದಂತೆ ಗುರುತು ಹಾಕುವಾಗ ಎಣ್ಣೆ ಬಣ್ಣವನ್ನು ಮುಟ್ಟಲೇಬೇಡಿ. ಅದು ಯಾವ ತೊಳೆತಕ್ಕೂ ಹೋಗದೆ ನೂಲಿನವರೆಗೂ ಬಂದು ಕೂರುತ್ತದೆ. ಕೊರಳಿಗೆ ಬಣ್ಣಬಣ್ಣದ ಹತ್ತಿ ದಾರ ಕಟ್ಟಿದರೆ ಸಾಕು.

ಕತ್ತರಿಯ ಜಾಗದಲ್ಲಿ ಶುಭ್ರವಾದ ತಾಡಪತ್ರಿ ಹಾಸಿ. ಕುರಿಯ ಮೂರು ಕಾಲುಗಳನ್ನು ಮೆತ್ತನೆಯ ಹಗ್ಗದಿಂದ ಸಡಿಲವಾಗಿ ಕಟ್ಟಿ ಮಗ್ಗುಲಾಗಿ ಮಲಗಿಸುತ್ತಾರೆ. ನುರಿತವರ ಕೈಯನ್ನು ಹತ್ತಿರದಿಂದ ನೋಡಿ. ಎಡಗೈ ಚರ್ಮವನ್ನು ಬಿಗಿ ಹಿಡಿದು ಮುಂದೆ ಸರಿಯುತ್ತಿರುತ್ತದೆ, ಬಲಗೈಯ ಕತ್ತರಿ ಚರ್ಮಕ್ಕೆ ಒರಗಿಕೊಂಡು ಅದರ ಹಿಂದೆಯೇ ಬರುತ್ತದೆ. ಉಣ್ಣೆ ಚೂರುಚೂರಾಗಿ ಬೀಳದೆ ಒಂದೇ ಹಾಸಾಗಿ ಮಗುಚಿಕೊಳ್ಳುತ್ತದೆ. ಆಗ ಕಾಣುತ್ತದೆ ಅದರ ಒಳಮೈ: ಹೊರಗೆ ಬಿಸಿಲಿಗೆ ಕೆಂಪಡರಿದ ತುದಿ, ಬುಡದಲ್ಲಿ ಕಾಡಿಗೆಯಂಥ ಕಪ್ಪು. ಮಕ್ಕಳನ್ನು ಈ ಹೊತ್ತಿಗೆ ಮುಂದೆ ಕೂರಿಸಿ.

ಬಿಟ್ಟುಹೋದ ಕಡೆ ಮತ್ತೆ ಕತ್ತರಿ ಆಡಿಸುವುದು ಹೊಸಬರ ದೊಡ್ಡ ತಪ್ಪು. ಕುರಿ ನುಣ್ಣಗೆ ಕಾಣುತ್ತದೆ, ಆದರೆ ಆ ಎರಡನೆಯ ಏಟಿಗೆ ಉದುರುವ ಅರ್ಧ ಬೆರಳಿನ ತುಣುಕುಗಳು ನೂಲಿನಲ್ಲಿ ನಿಲ್ಲದೆ ಗಂಟಾಗುತ್ತವೆ. ನಮ್ಮ ಸ್ಪರ್ಧೆಯಲ್ಲಿ ವೇಗಕ್ಕೆ ಅಂಕವಿಲ್ಲ. ಮರುಕತ್ತರಿ ಕಡಿಮೆ ಇದ್ದವರಿಗೆ, ಚರ್ಮಕ್ಕೆ ಗಾಯ ಮಾಡದವರಿಗೆ ಬಹುಮಾನ. ಗಾಯವಾದರೆ ಹಚ್ಚಲು ಔಷಧ ಕೈಗೆಟಕುವಂತಿರಲಿ, ಗಾಯಕ್ಕೆ ನೊಣ ಕೂತರೆ ಹುಳ ಬೀಳುತ್ತದೆ.

ಕತ್ತರಿಸಿದ ಕೂಡಲೇ ವಿಂಗಡಿಸಿ. ಹೊಟ್ಟೆಯದು, ಬಾಲದ ಬುಡದ್ದು ಬೇರೆ ಚೀಲಕ್ಕೆ. ಕರಿ, ಕಂದು, ಬಿಳಿ ಬೇರೆ ಬೇರೆ. ಮರಿಗಳ ಮೊದಲ ಉಣ್ಣೆ ಮಗುವಿನ ಜವಳದಷ್ಟು ಮೆತ್ತಗಿರುತ್ತದೆ, ಅದನ್ನು ಬಟ್ಟೆಯ ಗಂಟಿನಲ್ಲಿ ಪ್ರತ್ಯೇಕ ಕಟ್ಟಿಡಿ. ಒಂದು ಎಳೆಯ ಎರಡು ತುದಿಗಳನ್ನು ಹಿಡಿದು ಕಿವಿಯ ಹತ್ತಿರ ಜಗ್ಗಿ ನೋಡಿ. ಗಟ್ಟಿ ಉಣ್ಣೆ ತಂತಿಯಂತೆ ಮಿಡಿಯುತ್ತದೆ. ಕುರಿ ಹಸಿದಿದ್ದ, ಕಾಯಿಲೆ ಬಿದ್ದಿದ್ದ ದಿನಗಳಲ್ಲಿ ಬೆಳೆದ ಉಣ್ಣೆ ನಡುವೆಯೇ ಪಟ್ಟೆಂದು ಹರಿಯುತ್ತದೆ.

ಪಿಂಜುವುದು, ನೂಲುವುದು

ಮೊದಲು ಮುಳ್ಳು, ಉತ್ತರಾಣಿಯ ಬೀಜ, ಕಸವನ್ನು ಕೈಯಿಂದ ಆರಿಸಬೇಕು. ಈ ಕೆಲಸಕ್ಕೆ ಬಂದ ಜನರನ್ನೇ ಕೂರಿಸಿ, ಮಾತು ತಾನಾಗಿ ಬೆಳೆಯುತ್ತದೆ. ಆಮೇಲೆ ಪಿಂಜುವ ಬಿಲ್ಲು. ಹೆದೆಯನ್ನು ಉಣ್ಣೆಯ ಗುಡ್ಡೆಯೊಳಗೆ ಇಳಿಸಿ ಮೀಟಿದಾಗ ಬರುವ ಡುಂಯ್ ಎಂಬ ಸದ್ದಿಗೆ ಗಂಟುಗಂಟಾದ ಉಣ್ಣೆ ಹೊಗೆಯಂತೆ ಮೇಲೇಳುತ್ತದೆ. ಧ್ವನಿವರ್ಧಕವನ್ನು ಆ ಹೊತ್ತಿನಲ್ಲಿ ಆರಿಸಿಬಿಡಿ. ಪಿಂಜುವವರಿಗೆ ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡಿ.

ಪಿಂಜಿದ್ದನ್ನು ಹಂಜಿ, ಅಂದರೆ ಸಡಿಲ ಸುರುಳಿ, ಮಾಡಿ ರಾಟಿಗೆ ಕೊಡುತ್ತಾರೆ. ನಮ್ಮೂರಿನ ಒಬ್ಬ ಅಜ್ಜಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬಲಗೈ ರಾಟಿ ತಿರುಗಿಸುತ್ತಿದ್ದರೆ ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಹಂಜಿ ಹಿಡಿದು ತೋಳನ್ನು ನಿಧಾನವಾಗಿ ಹಿಂದಕ್ಕೆ ಚಾಚುತ್ತಾರೆ. ನೂಲು ದಪ್ಪಗಾದ ಕಡೆ ಬೆರಳು ತಾನೇ ಬಿಗಿಯುತ್ತದೆ, ತೆಳ್ಳಗಾದ ಕಡೆ ಸಡಿಲುತ್ತದೆ. ಕಲಿಯುವವರನ್ನು ಅವರ ಎಡಗಡೆಗೆ ಕೂರಿಸಿ, ಕದಿರಿನ ಕಡೆ ನೋಡದೆ ಬೆರಳನ್ನು ನೋಡಲು ಹೇಳಿ. ಒಂದು ದಿನದಲ್ಲಿ ಯಾರೂ ನೂಲಲು ಕಲಿಯುವುದಿಲ್ಲ. ಹರಿದ ಎಳೆಯನ್ನು ಕೂಡಿಸುವುದು ಕಲಿತರೆ ಅಂದಿನ ಪಾಠ ಆಯಿತು.

ಪುಟ್ಟ ಮಕ್ಕಳಿಗೆ ಬೇರೊಂದು ಮೇಜು ಹಾಕಿ. ಪಿಂಜಿದ ಉಣ್ಣೆ, ಬಿಸಿನೀರು, ಅಂಟುವಾಳದ ನೊರೆ ಕೊಟ್ಟರೆ ಅಂಗೈಯಲ್ಲಿ ಉಜ್ಜುತ್ತಾ ಉಜ್ಜುತ್ತಾ ಗಟ್ಟಿ ಚೆಂಡು ಮಾಡುತ್ತಾರೆ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಹುರುಪೆಗಳಿರುತ್ತವೆ, ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಂಬಳಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆಯಬಾರದು ಎಂದು ಹಿರಿಯರು ಹೇಳುವ ಕಾರಣ ಮಕ್ಕಳಿಗೆ ಅಲ್ಲೇ ತಿಳಿಯುತ್ತದೆ.

ಹಾಸು, ಸರಿ, ಮಗ್ಗ

ಕಂಬಳಿಯನ್ನು ಒಂದು ದಿನದಲ್ಲಿ ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇವೆ ಎಂದು ಹೊರಡಬೇಡಿ. ಲೆಕ್ಕ ಹಾಕಿ: ಒಂದು ಕುರಿಗೆ ಒಮ್ಮೆಗೆ 300 ಗ್ರಾಂ ಉಣ್ಣೆ ಬಂದರೆ, ಕಸ, ಜಿಡ್ಡು, ತುಂಡು ಕಳೆದು ಎರಡು ಕಿಲೋದ ಕಂಬಳಿಗೆ ಸುಮಾರು ಹತ್ತು ಕುರಿಗಳು ಬೇಕು, ಅಷ್ಟು ನೂಲಿಗೆ ಎಷ್ಟೋ ದಿನ ಬೇಕು. ಆದ್ದರಿಂದ ಹಾಸಿನ (ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ) ನೂಲನ್ನು ತಿಂಗಳ ಮೊದಲೇ ನೂಲಿಸಿಟ್ಟುಕೊಂಡಿರಿ. ಹಬ್ಬದ ದಿನ ನೂಲಿದ್ದು ಹೊಕ್ಕಿಗೆ, ಅಂದರೆ ಅಡ್ಡ ನೂಲಿಗೆ, ಹೋಗಲಿ.

ಹಾಸಿನ ನೂಲಿಗೆ ಸರಿ, ಅಂದರೆ ಗಂಜಿ, ಹಚ್ಚುವುದು ಹಬ್ಬದ ಹಿಂದಿನ ದಿನದ ಕೆಲಸ, ಇದನ್ನು ಜನ ನೋಡುವಂತೆ ಮಾಡಿ. ಹುಣಸೆ ಬೀಜವನ್ನು ಹುರಿದು, ಕುಟ್ಟಿ ಕೆಂಪು ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ಬೇಳೆಯನ್ನು ನೆನೆಹಾಕಿ ರುಬ್ಬಬೇಕು. ರುಬ್ಬಿದ್ದನ್ನು ನೀರು ಬೆರೆಸಿ ಕುದಿಸಿದರೆ ಅಂಬಲಿಯಂಥ ಸರಿ ಆಗುತ್ತದೆ. ಕೈ ಬಿಡದೆ ತಿರುವಬೇಕು, ತಳ ಹತ್ತಿದರೆ ಸೀದ ಚೂರುಗಳು ನೂಲಿಗೆ ಅಂಟುತ್ತವೆ. ಬಯಲಿನಲ್ಲಿ ಹಾಸನ್ನು ಉದ್ದಕ್ಕೆ ಬಿಗಿದು ಕಟ್ಟಿ, ಇಬ್ಬರು ಎರಡೂ ಕಡೆಯಿಂದ ಕುಂಚದಲ್ಲಿ ಒಂದೇ ದಿಕ್ಕಿಗೆ ಸವರುತ್ತಾ ಹೋಗುತ್ತಾರೆ. ಪೊದೆಯಂತೆ ಎದ್ದಿದ್ದ ರೋಮಗಳೆಲ್ಲ ನೂಲಿಗೆ ಮಲಗಿ, ಬಿಸಿಲಿಗೆ ಒಣಗಿ, ಎಳೆ ತಂತಿಯಷ್ಟು ಗಟ್ಟಿಯಾಗುತ್ತದೆ. ಈ ಸರಿ ಇಲ್ಲದಿದ್ದರೆ ಮಗ್ಗದ ಏಟಿಗೆ ಹಾಸು ನಿಲ್ಲುವುದಿಲ್ಲ. ಮೋಡ ಕವಿದಿದ್ದರೆ ಸರಿಯ ಕೆಲಸ ಹಿಡಿಯಬೇಡಿ, ಅರ್ಧ ಒಣಗಿದ ಹಾಸು ಬೂಸಲು ಹಿಡಿಯುತ್ತದೆ.

ಕುಣಿಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಬೇಕು. ನೇಕಾರನನ್ನೇ ಕೂರಿಸಿ ಅವನ ಮೊಳಕಾಲಿನ ಅಳತೆಗೆ ತೋಡಿಸಿ. ವಾರ ಮೊದಲೇ ತೋಡಿ, ಸಾರಿಸಿ, ಒಣಗಲು ಬಿಡಿ. ಅವನು ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕುಳಿತು ಲಾಳಿ ಆಡಿಸುವಾಗ ಸುತ್ತ ನಿಂತವರಿಗೆ ಅವನ ತಲೆಯಷ್ಟೇ ಕಾಣುತ್ತದೆ. ಹಗ್ಗ ಕಟ್ಟಿ, ಮುಂದಿನ ಎರಡು ಸಾಲಿನವರು ಕುಳಿತೇ ನೋಡಬೇಕು ಎಂದು ಹೇಳಿ.

ಸ್ಪರ್ಧೆಗಳು

ಟಗರಿನ ಕಾಳಗ ಇಡಿ, ಜನ ಸೇರುತ್ತಾರೆ ಎಂದು ಒತ್ತಾಯ ಬಂದೇ ಬರುತ್ತದೆ. ಇಡಬೇಡಿ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯಂತೆ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಕಾಳಗ ಶುರುವಾದರೆ ರಾಟಿಯ ಮುಂದೆ ಒಬ್ಬರೂ ಉಳಿಯುವುದಿಲ್ಲ.

ಕುರಿಗಳ ಬಹುಮಾನದಲ್ಲೂ ಯೋಚನೆ ಇರಲಿ. ವಿಜಯಪುರದ ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಿಂದ ಬರುವ ಮಾಡಗ್ಯಾಳ ಟಗರು ಎತ್ತರ, ಗಿಣಿಮೂಗು, ದುಬಾರಿ ಬೆಲೆಗೆ ಹೆಸರಾದದ್ದು. ಅದು ಮಾಂಸದ ತಳಿ, ಅದರ ಮೈಮೇಲೆ ಕಂಬಳಿಗಾಗುವ ಉಣ್ಣೆ ಇರುವುದಿಲ್ಲ. ತೂಕಕ್ಕೆ ಬಹುಮಾನ ಇಟ್ಟರೆ ಪ್ರತಿ ವರ್ಷ ಅದೇ ಗೆಲ್ಲುತ್ತದೆ, ಮನೆಗೆ ಹೋದ ಕುರಿಗಾರ ಉಣ್ಣೆಯ ಕರಿ ದಖ್ಖನಿ ಕುರಿಗಳನ್ನು ಮಾರಿ ಅದನ್ನೇ ತರುತ್ತಾನೆ. ನಮ್ಮಲ್ಲಿ ಉಣ್ಣೆ ಕುರಿಗಳಿಗೆ ಮಾತ್ರ ಬಹುಮಾನ. ತೀರ್ಪುಗಾರರು ಭುಜದ ಮೇಲೆ ಒಂದು ಕಡೆ, ತೊಡೆಯ ಮೇಲೆ ಒಂದು ಕಡೆ ಉಣ್ಣೆ ಬಿಡಿಸಿ, ಎರಡೂ ಕಡೆ ಉದ್ದ ಮತ್ತು ಮೃದುತನ ಹೊಂದುತ್ತವೆಯೇ ಎಂದು ನೋಡುತ್ತಾರೆ. ತೀರ್ಪುಗಾರರಲ್ಲಿ ಒಬ್ಬರು ನೂಲುವವರೇ ಆಗಿರಬೇಕು.

ದಿನದ ಮುಖ್ಯ ಸ್ಪರ್ಧೆಗೆ ಮೂವರ ತಂಡ: ಒಬ್ಬರು ಕತ್ತರಿಸುವವರು, ಒಬ್ಬರು ಪಿಂಜುವವರು, ಒಬ್ಬರು ನೂಲುವವರು. ಆರಿಸಿದ ಉಣ್ಣೆಯಲ್ಲಿ 50 ಗ್ರಾಂ ತೂಗಿ ಕೊಟ್ಟು, ಅದರಿಂದ ಯಾರು ಹೆಚ್ಚು ಉದ್ದದ ಸಮನಾದ ನೂಲು ತೆಗೆಯುತ್ತಾರೆ ಎಂದು ಅಳೆಯುತ್ತೇವೆ. ಎರಡು ಗೂಟಗಳ ನಡುವೆ ನೂಲು ಸುತ್ತಿ ಸುತ್ತು ಎಣಿಸುವಾಗ ಊರೆಲ್ಲ ಒಟ್ಟಿಗೆ ಕೂಗುತ್ತದೆ.

ದೇವರು, ಡೊಳ್ಳು, ಊಟ

ಕುರುಬರ ದೇವರು ಬೀರಪ್ಪನ ಹೆಸರಿಲ್ಲದೆ ಕುರಿಯ ಹಬ್ಬ ನಡೆಯುವುದಿಲ್ಲ, ನಡೆಯಲೂಬಾರದು. ಕತ್ತರಿಗೆ, ರಾಟಿಗೆ, ಮಗ್ಗಕ್ಕೆ ಪೂಜೆ ಮಾಡಿ. ಕಂಬಳಿಯ ಗದ್ದಿಗೆ ಹಾಸಿ ಹಿರಿಯರನ್ನು ಕೂರಿಸಿ. ಆದರೆ ಭಂಡಾರ, ಅಂದರೆ ಅರಿಶಿನದ ಪುಡಿ, ಹಾರಿಸುವುದನ್ನು ಕತ್ತರಿ ಮುಗಿಯುವವರೆಗೆ ತಡೆಯಲು ಹಿರಿಯರಲ್ಲಿ ಮೊದಲೇ ಕೇಳಿಕೊಳ್ಳಿ. ಮೊದಲ ವರ್ಷ ನಾನು ಇದನ್ನು ಯೋಚಿಸಿರಲಿಲ್ಲ. ಬೆಳಗಿನ ಪೂಜೆಯ ಅರಿಶಿನ ಬಿಳಿ ಮರಿಗಳ ಬೆನ್ನಿಗೆ ಬಿದ್ದು, ತೊಳೆದಷ್ಟೂ ಹಳದಿಯೇ ಉಳಿಯಿತು. ಉಣ್ಣೆ ಅರಿಶಿನವನ್ನು ಬಣ್ಣವಾಗಿಯೇ ಹೀರಿಕೊಳ್ಳುತ್ತದೆ. ಅಂಚಿಗೆಂದು ಇಟ್ಟಿದ್ದ ಬಿಳಿ ಉಣ್ಣೆಯೆಲ್ಲ ಹೋಯಿತು. ಈಗ ಸಂಜೆ ಐದಕ್ಕೆ ಡೊಳ್ಳಿನ ಪದದೊಂದಿಗೆ ಭಂಡಾರ ಹಾರುತ್ತದೆ, ಆಗ ಉಣ್ಣೆಯೆಲ್ಲ ಚೀಲದೊಳಗೆ ಭದ್ರವಾಗಿರುತ್ತದೆ.

ಊಟಕ್ಕೆ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮಜ್ಜಿಗೆ. ಹೆಚ್ಚಿನದೇನೂ ಬೇಕಿಲ್ಲ.

ಮಾರಾಟ

ಕಂಬಳಿ, ಜಮಖಾನೆ, ಚೀಲ, ಆಸನ ಮಾರುವ ಅಂಗಡಿಗಳಿಗೆ ಬಾಡಿಗೆ ಹಾಕಬೇಡಿ, ಆದರೆ ಕಟ್ಟುನಿಟ್ಟಿನ ಒಂದು ಷರತ್ತು ಹಾಕಿ: ಯಂತ್ರದ ಮಿಶ್ರ ನೂಲಿನ ಹೊದಿಕೆ ಒಳಗೆ ಬರಬಾರದು. ಬಾಗಿಲಲ್ಲೇ ಪರೀಕ್ಷಿಸಿ. ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಬೆಂಕಿ ತೆಗೆದರೆ ಆರಿ, ಉಳಿದ ಬೂದಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೊಳ್ಳುವವರಿಗೂ ಇದನ್ನು ಮಾಡಿ ತೋರಿಸಿ.

ಪ್ರತಿ ಕಂಬಳಿಗೂ ಕೈಬರಹದ ಒಂದು ಚೀಟಿ ಹೊಲಿಯಿರಿ: ಯಾರ ಹಟ್ಟಿಯ ಉಣ್ಣೆ, ಯಾರು ನೂಲಿದ್ದು, ಯಾರು ನೇಯ್ದದ್ದು, ನೂಲಲು ಎಷ್ಟು ದಿನ, ನೇಯಲು ಎಷ್ಟು ದಿನ. ಬೆಲೆಗೆ ಚೌಕಾಸಿ ಮಾಡುತ್ತಿದ್ದವರು ಆ ದಿನಗಳ ಲೆಕ್ಕ ಓದಿ ಸುಮ್ಮನೆ ಹಣ ಎಣಿಸಿದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದವರನ್ನು, ಕೈಮಗ್ಗ ಇಲಾಖೆಯವರನ್ನು ಕರೆದು ಒಂದು ಮೇಜು ಕೊಡಿ. ಭಾಷಣಕ್ಕಿಂತ ಅಲ್ಲಿ ಕುಳಿತು ಅರ್ಜಿ ತುಂಬಿಸಿಕೊಟ್ಟರೆ ಕುರಿಗಾರರಿಗೆ ಉಪಯೋಗ.

ಮರುದಿನ

ನೂಲಾಗದ ತುಂಡು ಉಣ್ಣೆ, ಹೊಟ್ಟೆಯ ಉಣ್ಣೆ ಎಸೆಯಬೇಡಿ. ದಾಳಿಂಬೆ, ನುಗ್ಗೆ ಗಿಡಗಳ ಬುಡಕ್ಕೆ ಹಾಸಿ ಮಣ್ಣು ಮುಚ್ಚಿದರೆ ತೇವ ಹಿಡಿದಿಟ್ಟು, ನಿಧಾನವಾಗಿ ಕೊಳೆತು ಸಾರಜನಕ ಕೊಡುತ್ತದೆ. ಒಳ್ಳೆಯ ಉಣ್ಣೆಯನ್ನು ತೂಗಿ, ನೂಲುವವರ ಮನೆಗಳಿಗೆ ಹಂಚಿ, ಎಷ್ಟು ಕೊಟ್ಟಿರಿ ಎಂದು ವಹಿಯಲ್ಲಿ ಬರೆದಿಡಿ. ಮಳೆಗಾಲದ ಮೊದಲು ಹೋಗಿ ನೂಲು ತೂಗಿ ಹಣ ಕೊಟ್ಟು ಬನ್ನಿ. ರಾಟಿಯ ಬಳಿ ಬಹಳ ಹೊತ್ತು ಕುಳಿತಿದ್ದ ಹುಡುಗಿಯರ ಹೆಸರನ್ನೂ ಅದೇ ವಹಿಯಲ್ಲಿ ಬರೆಯಿರಿ, ಮುಂದಿನ ವರ್ಷ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮಗ್ಗದ ಮೇಲೆ ಅರ್ಧವಾಗಿರುವ ಕಂಬಳಿ ಮುಗಿಯುವವರೆಗೆ ನೇಕಾರನಿಗೆ ಊಟ, ಕೂಲಿ ಕೊಟ್ಟು ಉಳಿಸಿಕೊಳ್ಳಿ. ಅವನು ಹೊರಟ ಮೇಲೆ ಕುಣಿಯನ್ನು ಮಣ್ಣು ತುಂಬಿ ಮುಚ್ಚಬೇಡಿ. ಮೇಲೆ ಎರಡು ಹಾಸುಗಲ್ಲು ಎಳೆದು, ಮಕ್ಕಳು ಬೀಳದಂತೆ ಸಂದಿಗೆ ಗಾರೆ ಹಾಕಿಸಿ. ಬರುವ ಶಿವರಾತ್ರಿಯ ಹೊತ್ತಿಗೆ ಆ ಗಾರೆ ಒಡೆದು ಕಲ್ಲು ಸರಿಸಿ, ಸಾರಿಸಿದರೆ ಸಾಕು.